ಊರಿನ ಮನೆಗೆ ಟಿವಿ ಸೇರಿದ ಬ್ರಾಡ್‌ಬ್ಯಾಂಡ್ ವಾರ್ಷಿಕ ಪ್ಲಾನ್: ಎರಡರಲ್ಲಿ ಯಾವುದು ಒಳ್ಳೆಯದು?

ಎರಡು ಕಂಪನಿಗಳ ಟಿವಿ ಸೇರಿದ ವಾರ್ಷಿಕ ಪ್ಲಾನ್‌ಗಳಲ್ಲಿ ಯಾವುದನ್ನು ತೆಗೆದುಕೊಳ್ಳಲಿ ಎಂದು ನೀವು ಕೇಳಿದ್ದೀರಿ. ಎರಡನ್ನೂ ತೆಗೆದುಕೊಳ್ಳಬೇಡಿ ಎನ್ನುವುದೇ ನನ್ನ ಉತ್ತರ. ಊರಿನಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ, ನೀವು ಹೋದಾಗ ಮನೆಯಿಂದ ಕೆಲಸ ಮಾಡಲು ಇಂಟರ್ನೆಟ್ ಬೇಕು, ಅದರಲ್ಲೇ ಟಿವಿಯೂ ಬರುವುದಾದರೆ ಡಿಶ್ ತೆಗೆಸಿಬಿಡಬಹುದು ಎಂದು ನೀವು ಬರೆದಿದ್ದೀರಿ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ನಾನು ಹಾಕಿದ್ದ ಲೆಕ್ಕವೂ ಅಕ್ಷರಶಃ ಇದೇ ಆಗಿತ್ತು.

ಇಂಟರ್ನೆಟ್ಟಿನ ಫೈಬರ್ ತಂತಿ ಹಾಕಲು ಬಂದವರು ಸೌಜನ್ಯದಿಂದಲೇ ಮಾತನಾಡಿದರು. ತಿಂಗಳ ಪ್ಲಾನ್ ಆದರೆ ಅಳವಡಿಕೆಗೆ ಬೇರೆ ಹಣ ಕೊಡಬೇಕು, ವರ್ಷದ್ದನ್ನು ಒಟ್ಟಿಗೆ ಕಟ್ಟಿದರೆ ಅದೂ ಇಲ್ಲ, ರೂಟರಿಗೆ ಡಿಪಾಸಿಟ್ ಇಲ್ಲ, ಮೇಲೆ ಒಂದು ತಿಂಗಳು ಉಚಿತ ಎಂದರು. ನೂರಾರು ಚಾನೆಲ್‌ಗಳು, ಇಂಟರ್ನೆಟ್ಟಿನಲ್ಲಿ ಸಿನಿಮಾ, ಧಾರಾವಾಹಿ ನೋಡುವ ಹತ್ತಾರು ಓಟಿಟಿ ಆ್ಯಪ್‌ಗಳು ಇರುವ ಪಟ್ಟಿಯನ್ನು ಮೊಬೈಲಿನಲ್ಲಿ ತೋರಿಸಿದರು. ಅಮ್ಮ ಸಂಜೆ ನೋಡುವ ಚಾನೆಲ್‌ಗಳು ಅದರಲ್ಲಿ ಇವೆಯೇ ಎಂದು ಒಂದೊಂದಾಗಿ ಹುಡುಕುವ ತಾಳ್ಮೆ ನನಗಿರಲಿಲ್ಲ. ಅಷ್ಟೊಂದು ಇರುವಾಗ ಕನ್ನಡದ ನಾಲ್ಕು ಚಾನೆಲ್ ಇರದೇ ಇರುತ್ತವೆಯೇ ಎಂದುಕೊಂಡೆ. ನನ್ನದೇ ಮೊಬೈಲ್ ನಂಬರ್ ಕೊಟ್ಟು, ವರ್ಷದ ಹಣ ಕಟ್ಟಿ, ಡಿಶ್ ರೀಚಾರ್ಜನ್ನು ನಿಲ್ಲಿಸಿ ಬೆಂಗಳೂರಿಗೆ ಮರಳಿದೆ.

ಇಂಟರ್ನೆಟ್ ಚೆನ್ನಾಗಿಯೇ ಇತ್ತು ಎಂಬುದನ್ನು ನ್ಯಾಯವಾಗಿ ಹೇಳಬೇಕು. ತೊಂದರೆ ಶುರುವಾದದ್ದು ಟಿವಿಯಲ್ಲಿ. ಅಮ್ಮನ ಮೆಚ್ಚಿನ ಧಾರಾವಾಹಿ ಬರುವ ಚಾನೆಲ್ ಪ್ಲಾನಿನ ಜೊತೆ ಬಂದ ಟಿವಿ ಆ್ಯಪಿನಲ್ಲಿ ನೇರಪ್ರಸಾರಕ್ಕೆ ಇರಲೇ ಇಲ್ಲ. ಅದೇ ಸಂಚಿಕೆಯನ್ನು ಆಮೇಲೆ ಇನ್ನೊಂದು ಓಟಿಟಿಯಲ್ಲಿ ಹುಡುಕಿ ನೋಡಬೇಕಿತ್ತು. ಆ ಓಟಿಟಿ ಆಗಾಗ ತಾನಾಗಿ ಲಾಗ್‌ಔಟ್ ಆಗುತ್ತಿತ್ತು. ಆಗ ಒಟಿಪಿ ಬರುತ್ತಿದ್ದುದು ನನ್ನ ಫೋನಿಗೆ. ನಾನು ಮೀಟಿಂಗಿನಲ್ಲಿ ಇರುತ್ತಿದ್ದೆ. ಅಮ್ಮ ರಿಮೋಟ್ ಹಿಡಿದು ಟಿವಿಯ ಮುಂದೆ ನಿಂತು, ನಾನು ಫೋನಿನಲ್ಲಿ ಹೇಳಿದ ಅಂಕೆಗಳನ್ನು ಬಾಣದ ಗುರುತು ಒತ್ತಿ ಒತ್ತಿ ಒಂದೊಂದಾಗಿ ತುಂಬುವಷ್ಟರಲ್ಲಿ ಅದರ ಅವಧಿ ಮುಗಿದುಹೋಗಿರುತ್ತಿತ್ತು. ಕೊನೆಗೆ "ಬಿಡು ಮಗಾ, ನೋಡದೇ ಇದ್ದರೆ ಏನಾಗತ್ತೆ" ಎನ್ನುತ್ತಿದ್ದರು. ಟಿವಿಯ ರಿಮೋಟ್ ಒತ್ತಿ ಚಾನೆಲ್ ಹಾಕಿಕೊಳ್ಳುವುದನ್ನು ಯಾರ ಹಂಗೂ ಇಲ್ಲದೆ ಮಾಡುತ್ತಿದ್ದವರಿಂದ ಅದನ್ನು ನಾನು ಕಿತ್ತುಕೊಂಡೆನಲ್ಲ ಎಂಬ ನೋವು ಈಗಲೂ ಇದೆ.

ಆಮೇಲೆ ಮಳೆಗಾಲ ಬಂತು. ನಮ್ಮಲ್ಲಿ ಫೈಬರ್ ತಂತಿ ನೆಲದೊಳಗಿಂದ ಬರುವುದಿಲ್ಲ, ಕಂಬದಿಂದ ಕಂಬಕ್ಕೆ, ತೋಟದ ಅಂಚಿನಲ್ಲಿ ಬರುತ್ತದೆ. ಒಂದು ಕೊಂಬೆ ಬಿದ್ದರೆ ಸಾಕು. ರೂಟರಿನಲ್ಲಿ ಎಲ್‌ಒಎಸ್ ಎಂಬ ಚಿಕ್ಕ ದೀಪವಿರುತ್ತದೆ. ಅದು ಕೆಂಪಾಗಿ ಮಿನುಗಿದರೆ ಬೆಳಕಿನ ಸಿಗ್ನಲ್ ಮನೆಗೆ ತಲುಪುತ್ತಿಲ್ಲ ಎಂದರ್ಥ, ಆಗ ರೂಟರನ್ನು ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದರೂ ಉಪಯೋಗವಿಲ್ಲ. ಮಳೆ ಜೋರಾದಾಗ ಡಿಶ್ ಸಿಗ್ನಲ್ ಕೂಡ ಹೋಗುತ್ತದೆ ಎಂದು ನೀವು ಕೇಳಬಹುದು. ಹೋಗುತ್ತದೆ, ಆದರೆ ಮಳೆ ಇಳಿದ ಮೇಲೆ ತಾನಾಗಿಯೇ ಬರುತ್ತದೆ. ತುಂಡಾದ ಫೈಬರ್ ತಾನಾಗಿ ಕೂಡಿಕೊಳ್ಳುವುದಿಲ್ಲ. ಬೆಸೆಯುವ ಯಂತ್ರ ಹಿಡಿದು ಮನುಷ್ಯರೇ ಬರಬೇಕು, ಅವರು ಬರುವವರೆಗೆ ನಮ್ಮ ಮನೆಯಲ್ಲಿ ಇಂಟರ್ನೆಟ್ಟೂ ಇಲ್ಲ, ಟಿವಿಯೂ ಇಲ್ಲ.

ನನ್ನ ತಪ್ಪು ನಿಖರವಾಗಿ ಎಲ್ಲಿತ್ತು ಎಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವು ಅದರ ಹೊಸ್ತಿಲಲ್ಲೇ ನಿಂತಿದ್ದೀರಿ. ಕಂಪನಿಯನ್ನು ಆರಿಸಿದ್ದು ತಪ್ಪಲ್ಲ. ಬೇರೆ ಕಂಪನಿಯಾಗಿದ್ದರೂ ಕೊಂಬೆ ಬೀಳುತ್ತಿತ್ತು. ಟಿವಿ ಸೇರಿದ ಪ್ಲಾನ್ ಆರಿಸಿದ್ದು ಕೂಡ, ತಿಂಗಳ ಲೆಕ್ಕದಲ್ಲಿ ಆಗಿದ್ದರೆ, ಒಂದು ತಿಂಗಳಲ್ಲಿ ಸರಿಪಡಿಸಬಹುದಾದ ಸಂಗತಿ. ತಪ್ಪಾದದ್ದು, ಒಂದರಿಂದ ಒಂದನ್ನು ಬಿಡಿಸಲಾಗದ ಎರಡು ಸೇವೆಗಳಿಗೆ ವರ್ಷದ ಹಣವನ್ನು ಮುಂಗಡವಾಗಿ ಕಟ್ಟಿದ್ದು. ತಿಂಗಳಿಗೊಮ್ಮೆ ಕಟ್ಟುವ ಗ್ರಾಹಕನಿಗೆ ಮುಂದಿನ ತಿಂಗಳು ಕಟ್ಟುವುದಿಲ್ಲ ಎನ್ನುವ ಶಕ್ತಿ ಇರುತ್ತದೆ. ವರ್ಷದ ಹಣ ಕೊಟ್ಟವನಿಗೆ ದೂರು ಕೊಟ್ಟು ಕಾಯುವುದು ಬಿಟ್ಟು ಬೇರೇನೂ ಉಳಿಯುವುದಿಲ್ಲ. ಟಿವಿ ಭಾಗ ಬೇಡ, ಇಂಟರ್ನೆಟ್ ಮಾತ್ರ ಇಟ್ಟುಕೊಂಡು ಉಳಿದ ಹಣ ಹಿಂದಿರುಗಿಸಿ ಎಂದು ಕೇಳಿದೆ. ಆಫರ್ ಪ್ಲಾನಿನಲ್ಲಿ ಹಾಗೆ ಬೇರ್ಪಡಿಸಲು ಬರುವುದಿಲ್ಲ, ಉಳಿದ ತಿಂಗಳುಗಳ ಹಣವೂ ವಾಪಸ್ ಇಲ್ಲ ಎಂದರು. ಅದು ಷರತ್ತುಗಳಲ್ಲಿ ಬರೆದೇ ಇತ್ತು. ಕೊನೆಗೆ ಅಮ್ಮನಿಗಾಗಿ ಡಿಶ್ ರೀಚಾರ್ಜ್ ಮತ್ತೆ ಶುರುಮಾಡಿ, ನೋಡದ ಟಿವಿಗೂ ನೋಡುವ ಟಿವಿಗೂ ಒಟ್ಟಿಗೆ ಹಣ ಕೊಟ್ಟೆ.

ಹೀಗೆ ಕೂಡಿಸಿದರೆ ಉಳಿತಾಯ ಎನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ತಿಂಗಳಿಗೆ 999 ರೂಪಾಯಿ ಎಂದು ಬರೆದಿರುವ ಟಿವಿ ಸೇರಿದ ಪ್ಲಾನಿಗೆ ಶೇ 18ರ ಜಿಎಸ್‌ಟಿ ಸೇರಿದರೆ 1,179 ರೂಪಾಯಿ, ವರ್ಷಕ್ಕೆ 14,000 ದಾಟುತ್ತದೆ. ಇಂಟರ್ನೆಟ್ ಮಾತ್ರದ 499ರ ಪ್ಲಾನ್ ತೆರಿಗೆ ಸೇರಿ 589. ಅಮ್ಮನ ಚಾನೆಲ್‌ಗಳ ಡಿಶ್ ರೀಚಾರ್ಜ್ ನಮಗೆ 300ರ ಆಸುಪಾಸು ಬೀಳುತ್ತದೆ. ಎರಡೂ ಸೇರಿ 900 ಮುಟ್ಟುವುದಿಲ್ಲ. ವೇಗ ಕಡಿಮೆಯಾಗುತ್ತದೆ ಎಂದು ಹೆದರಬೇಡಿ. ಫುಲ್ ಎಚ್‌ಡಿಗೆ 5 ಎಂಬಿಪಿಎಸ್ ಸಾಕೆಂದು ನೆಟ್‌ಫ್ಲಿಕ್ಸೇ ಹೇಳುತ್ತದೆ, ಇಬ್ಬರಿರುವ ಮನೆಯಲ್ಲಿ ನಿಮ್ಮ ವಿಡಿಯೊ ಮೀಟಿಂಗೂ ಸೇರಿದಂತೆ 30 ಎಂಬಿಪಿಎಸ್ ಧಾರಾಳವಾಯಿತು. ಓಟಿಟಿಗಳ ಸಂಖ್ಯೆಯನ್ನು ನೋಡಿ ಬೆಲೆ ಕಟ್ಟುವುದಂತೂ ಬೇಡವೇ ಬೇಡ. ಪಟ್ಟಿಯಲ್ಲಿ ಬೇರೆ ಬೇರೆಯಾಗಿ ಎಣಿಸುತ್ತಿದ್ದ ಜಿಯೊಸಿನಿಮಾ ಮತ್ತು ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ 2025ರ ಫೆಬ್ರವರಿಯಲ್ಲಿ ಜಿಯೊಹಾಟ್‌ಸ್ಟಾರ್ ಎಂಬ ಒಂದೇ ಆ್ಯಪ್ ಆದವು. ವರ್ಷದ ಆರಂಭದಲ್ಲಿ ಓದಿದ ಪಟ್ಟಿ ವರ್ಷದ ಕೊನೆಯವರೆಗೆ ಹಾಗೆಯೇ ಇರುತ್ತದೆ ಎಂದು ನಂಬಲಾಗದು.

ಡಿಶ್ ಅಥವಾ ಕೇಬಲ್‌ನಲ್ಲಿ ಇನ್ನೊಂದು ಅನುಕೂಲವಿದೆ, ಅದನ್ನು ನಮ್ಮವರು ಸರಿಯಾಗಿ ಬಳಸುವುದಿಲ್ಲ. 2019ರಲ್ಲಿ ಜಾರಿಗೆ ಬಂದ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ನಿಯಮದ ಪ್ರಕಾರ ಹಣ ಕೊಟ್ಟು ನೋಡುವ ಪ್ರತಿ ಪೇ ಚಾನೆಲ್‌ಗೂ ಘೋಷಿತ ಬೆಲೆ ಇರಬೇಕು ಮತ್ತು ಚಂದಾದಾರರು ಒಂದೊಂದೇ ಚಾನೆಲನ್ನು ಬಿಡಿಯಾಗಿ ಆರಿಸಿಕೊಳ್ಳಬಹುದು. ಅಮ್ಮ ನೋಡದ ಚಾನೆಲ್‌ಗಳನ್ನು ತೆಗೆಸಿ, ಬೇಕಾದದ್ದನ್ನು ಸೇರಿಸಿಕೊಂಡದ್ದರಿಂದಲೇ ನಮ್ಮ ರೀಚಾರ್ಜ್ ಇಳಿಯಿತು. ನಾನು ತೆಗೆದುಕೊಂಡಿದ್ದ ಆ್ಯಪಿನ ಪ್ಯಾಕಿನಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಕೇಳುವ ದಾರಿಯೇ ಇರಲಿಲ್ಲ.

ಹಾಗಾಗಿ ನೀವು ಕಂಪನಿಗಳ ಜಾಹೀರಾತನ್ನು ಹೋಲಿಸುವುದನ್ನು ಬಿಟ್ಟು, ಊರಿನಲ್ಲಿ ತಂತಿ ಕಡಿದಾಗ ರಿಪೇರಿಗೆ ಬರುವ ಹುಡುಗ ಎಲ್ಲಿಂದ ಬರುತ್ತಾನೆ ಎಂದು ಮೊದಲು ವಿಚಾರಿಸಿ. ನಮ್ಮ ಕಡೆ ಬಿಎಸ್‌ಎನ್‌ಎಲ್ ಫೈಬರನ್ನು ಎಷ್ಟೋ ಕಡೆ ಸ್ಥಳೀಯ ಪಾಲುದಾರರೇ ನೋಡಿಕೊಳ್ಳುತ್ತಾರೆ. ಕೇಬಲ್ ಟಿವಿಯವರೂ ಇಂಟರ್ನೆಟ್ ಕೊಡುತ್ತಾರೆ. ಅಕ್ಕಪಕ್ಕದ ನಾಲ್ಕು ಮನೆಯವರನ್ನು, ಕಳೆದ ಮಳೆಗಾಲದಲ್ಲಿ ಲೈನ್ ಹೋದಾಗ ಎಷ್ಟು ದಿನಕ್ಕೆ ಬಂತು ಎಂದು ಕೇಳಿದರೆ ಸಿಗುವ ಉತ್ತರ ಯಾವ ವೆಬ್‌ಸೈಟಿನಲ್ಲೂ ಸಿಗುವುದಿಲ್ಲ. ಬೇಗ ಬಂದು ಸರಿಪಡಿಸುವವರಿಂದಲೇ ಇಂಟರ್ನೆಟ್ ಮಾತ್ರದ ತಿಂಗಳ ಪ್ಲಾನ್ ತೆಗೆದುಕೊಳ್ಳಿ, ಅಳವಡಿಕೆಗೆ ಹಣ ಕೇಳಿದರೆ ಕೊಟ್ಟುಬಿಡಿ.

ಡಿಶ್ ತೆಗೆಸಬೇಡಿ. ಅಪ್ಪ ಅಮ್ಮ ಆಗಲೇ ಓಟಿಟಿಯಲ್ಲೇ ಎಲ್ಲವನ್ನೂ ನೋಡುವ ಅಭ್ಯಾಸದವರಾಗಿದ್ದರೆ ಮಾತ್ರ ಟಿವಿ ಸೇರಿದ ಪ್ಲಾನ್ ಯೋಚಿಸಬಹುದು. ಆಗಲೂ ಅವರ ಕೈಯಲ್ಲಿ ಕನ್ನಡ ಚಾನೆಲ್‌ಗಳ ಹೆಸರು ಬರೆಸಿ, ಪ್ರತಿಯೊಂದೂ ನೇರಪ್ರಸಾರದಲ್ಲಿ ಬರುತ್ತದೆಯೇ ಎಂದು ಅವರದೇ ಟಿವಿಯಲ್ಲಿ ಹಾಕಿ ತೋರಿಸಿ ಎಂದು ಕಂಪನಿಯವರನ್ನು ಕೇಳಿ. ನೋಂದಣಿಗೆ ಅಪ್ಪನ ಮೊಬೈಲ್ ನಂಬರನ್ನೇ ಕೊಡಿ. ದೂರು ಕೊಟ್ಟಾಗಲೆಲ್ಲ ದೂರಿನ ನಂಬರ್ ಪಡೆದುಕೊಳ್ಳಿ. ಕಂಪನಿಯ ಮೇಲ್ಮನವಿ ವಿಭಾಗಕ್ಕೆ ಹೋಗಲು, ಅದಕ್ಕೂ ಬಗ್ಗದಿದ್ದರೆ 1915ಕ್ಕೆ ಕರೆಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದಾಖಲಿಸಲು ಅದು ಬೇಕಾಗುತ್ತದೆ.