ದಪ್ಪ ಜಾಲಿ ಹಲಗೆ ಕಿಲ್ನ್‌ನಲ್ಲಿ ಸೀಳುತ್ತಿದ್ದರೆ

ಅಣ್ಣಾ, ಹಸಿ ಜಾಲಿಯ 3 ಇಂಚಿನ ಹಲಗೆ ನೇರವಾಗಿ ಮರ ಒಣಗಿಸುವ ಬಿಸಿ ಕೋಣೆಯಾದ ಕಿಲ್ನ್‌ಗೆ ಹಾಕಿ 60 ಡಿಗ್ರಿ ಕೊಟ್ಟೆ, ಮೈಯೆಲ್ಲ ಸೀಳಿತು, ಯಾಕೆ ಅಂತ ಕೇಳಿದ್ದೀರಿ. ಮೇಲ್ಮೈ ಬೇಗ ಒಣಗಿ ಕುಗ್ಗಲು ನೋಡುತ್ತದೆ, ಒಳಗೆ ಇನ್ನೂ ಹಸಿ ಇರುವುದರಿಂದ ಅದು ಬಿಡುವುದಿಲ್ಲ, ಆ ಎಳೆದಾಟದಲ್ಲೇ ಬಿರುಕು. ಮೊದಲು ತುದಿಗಳಿಗೆ ಮೇಣ ಹಚ್ಚಿ, ಹಲಗೆಗಳ ನಡುವೆ ಮರದ ಪಟ್ಟಿ ಇಟ್ಟು ನೆರಳಲ್ಲಿ ಪೇರಿಸಿ, ತೇವ 25 ಪರ್ಸೆಂಟಿಗೆ ಇಳಿಯಲಿ. ಅವಸರ ಬೇಡ. ದಪ್ಪ ಎರಡರಷ್ಟಾದರೆ ಸಮಯ ಅದಕ್ಕಿಂತ ತುಂಬಾ ಜಾಸ್ತಿ ಬೇಕು. ನಮ್ಮ ಕಲಬುರಗಿಯ ಮೇ ತಿಂಗಳ ಬಿಸಿಗಾಳಿಗೆ ಶೆಡ್ಡಿನಲ್ಲೇ ಹಲಗೆ ಸೀಳಬಹುದು, ಗಾಳಿ ಬಡಿಯುವ ಕಡೆ ಗೋಣಿತಟ್ಟು ಕಟ್ಟಿ. ಆಮೇಲೆ ಕಿಲ್ನ್ 40 ಡಿಗ್ರಿಯಿಂದ ಶುರು ಮಾಡಿ, ಒಳಗಿನ ಗಾಳಿಯಲ್ಲಿ ತೇವ ಜಾಸ್ತಿ ಇರಲಿ. ಕೊನೆಗೆ ಸ್ವಲ್ಪ ಹಬೆ ಕೊಟ್ಟರೆ ಮೇಲ್ಮೈಯ ಬಿಗಿತ ಸಡಿಲವಾಗುತ್ತದೆ, ಇಲ್ಲದಿದ್ದರೆ ಉದ್ದಕ್ಕೆ ಕೊಯ್ಯುವಾಗ ಹಲಗೆ ಬಾಗಿ ಗರಗಸವನ್ನೇ ಕಚ್ಚಿ ಹಿಡಿಯುತ್ತದೆ.