ಗೃಹಜ್ಯೋತಿ ಇರುವಾಗ ಕರೆಂಟ್ ಉಳಿಸಿದರೆ ಮಲೆನಾಡಿಗೇನು ಲಾಭ?

ಮನೆಗಳಿಗೆ ಹಿಂದಿನ ಸರಾಸರಿ ಬಳಕೆಗಿಂತ ಸ್ವಲ್ಪ ಹೆಚ್ಚಿನವರೆಗೆ, ತಿಂಗಳಿಗೆ ಗರಿಷ್ಠ 200 ಯೂನಿಟ್‌ವರೆಗೆ ಬಿಲ್ ಬರಲ್ಲ, ಸರಿ. ಆದರೆ ಆ ದುಡ್ಡನ್ನು ಸರ್ಕಾರ ನಮ್ಮ ತೆರಿಗೆಯಿಂದಲೇ ಕಟ್ಟುತ್ತದೆ ಅಲ್ವಾ? ಅಂಗಡಿ, ಹೋಟೆಲ್‌ಗಳಿಗಂತೂ ಈ ಸೌಲಭ್ಯವೇ ಇಲ್ಲ. ಹಳೇ ಫ್ಯಾನಿಗೆ ಸುಮಾರು 75 ವಾಟ್ ಬೇಕು, ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಮೋಟರಿನ ಬಿಎಲ್‌ಡಿಸಿ ಫ್ಯಾನಿಗೆ 30 ಸಾಕು. ದಿನಕ್ಕೆ 10 ಗಂಟೆ ತಿರುಗಿದರೂ ವರ್ಷಕ್ಕೆ ಒಂದು ಫ್ಯಾನಿನಿಂದ 160 ಯೂನಿಟ್ ಉಳಿಯುತ್ತದೆ. ಅಂಗಡಿ, ಹೋಟೆಲಿನವರ ಬಿಲ್ಲಿನಲ್ಲಿ ಹೀಗೆ ಉಳಿದ ಹಣ ಊರಿನ ಸಂಬಳ, ದಿನಸಿಗೆ ಹೋಗುತ್ತದೆ.

ನಮ್ಮ ಕಡೆ ಇನ್ನೂ ದೊಡ್ಡ ಲೆಕ್ಕ ಸೌದೆಯದು. ಕೊಯ್ಲಿನ ಕಾಲಕ್ಕೆ ತೀರ್ಥಹಳ್ಳಿ, ಸಾಗರದ ಕಡೆ ಅಡಿಕೆ ಬೇಯಿಸುವ ಒಲೆ ನೋಡಿ. ಹಂಡೆಯ ಪಕ್ಕದಿಂದ ಬೆಂಕಿ ಹೊರಗೆ ಚಾಚಿಕೊಂಡಿದ್ದರೆ, ಅಷ್ಟು ಕಾವು ಸುಮ್ನೆ ಗಾಳಿಗೆ ಹೋಯಿತು ಅಂತಲೇ ಅರ್ಥ. ಕೆಳಗೆ ಕಬ್ಬಿಣದ ಜಾಲರಿ, ಹಂಡೆ ಸುತ್ತ ಗೋಡೆ, ಹಿಂದೊಂದು ಚಿಮಣಿ ಇಟ್ಟರೆ ಅದೇ ಅಡಿಕೆ ಕಡಿಮೆ ಸೌದೆಯಲ್ಲಿ ಬೇಯುತ್ತದೆ. ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನಬೆಟ್ಟದ ಮರ ಉಳಿಯುತ್ತದೆ. ಒಲೆ ಮುಂದೆ ಕೂತವರ ಕಣ್ಣಿಗೆ ಹೊಗೆ ತಪ್ಪುತ್ತದೆ. ಒಲೆ ಕಟ್ಟುವ ಕೂಲಿ ಊರಿನ ಗಾರೆಯವರಿಗೇ ಸಿಗುತ್ತದೆ, ನನಗೆ ಇದು ಜಾಸ್ತಿ ಮುಖ್ಯ.

ಇನ್ನು ಶರಾವತಿ. ಕರೆಂಟಿಗಾಗಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಾಯಿತು. ಮನೆ, ತೋಟ ಮುಳುಗಿಸಿಕೊಂಡವರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಈಗ ಅದೇ ಕಣಿವೆಯಲ್ಲಿ, ಸಿಂಗಳೀಕಗಳಿರುವ ಕಾಡಿನಲ್ಲಿ, 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಬಂದಿದೆ, ಅಂದರೆ ಕರೆಂಟ್ ಮಿಕ್ಕಾಗ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಬೇಕಾದಾಗ ಕೆಳಗೆ ಬಿಟ್ಟು ಕರೆಂಟ್ ಮಾಡುವುದು. ಎಲ್ಲರೂ ಒಟ್ಟಿಗೆ ಸ್ವಿಚ್ ಹಾಕುವ ಹೊತ್ತಿನ ಬೇಡಿಕೆ ತುಂಬಲು ಇಂಥ ಯೋಜನೆ ಬೇಕು ಅನ್ನುತ್ತಾರೆ. ಆ ಹೊತ್ತಿನ ಹೊರೆ ರಾಜ್ಯದಲ್ಲೆಲ್ಲ ತಗ್ಗಿದಷ್ಟೂ ನಮ್ಮ ಕಾಡಿನ ಮೇಲಿನ ಒತ್ತಡ ತಗ್ಗುತ್ತದೆ. ಬೆಂಗಳೂರಿನವರೂ ಉಳಿಸಬೇಕು ಅಂತ ನಾನು ಕೇಳುವುದು ಅದಕ್ಕೇ.