ಬಿಸಿಲೂರಿನಲ್ಲಿ ಟ್ರಫಲ್: ಸ್ಪಾರ್ಕ್ಲಿಂಗ್ ವೈನ್ ಬೆರೆಸಿದ ಚಾಕೊಲೇಟ್ ಕುರಿತು ಓದುಗರ ಪ್ರಶ್ನೆಗಳು

ಕ್ರಿಸ್‌ಮಸ್ ಮತ್ತು ಹೊಸವರ್ಷ ಹತ್ತಿರವಾಗುತ್ತಿದ್ದಂತೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಮನೆಯಲ್ಲಿ ಟ್ರಫಲ್ ಮಾಡುವ ಬಗ್ಗೆ, ಅದರಲ್ಲೂ ಅದಕ್ಕೆ ಸ್ಪಾರ್ಕ್ಲಿಂಗ್ ವೈನಿನ, ಅಂದರೆ ಗುಳ್ಳೆಯೇಳುವ ವೈನಿನ, ಪರಿಮಳ ಕೊಡುವ ಬಗ್ಗೆ ಕೇಳಿದ್ದಾರೆ. ಚಾಕೊಲೇಟ್ ಮತ್ತು ಕ್ರೀಮ್ ಸೇರಿಸಿ ಮಾಡುವ ಗನಾಶ್ ಎಂಬ ಮೆತ್ತನೆಯ ಮಿಶ್ರಣವನ್ನು ತಣಿಸಿ, ಉಂಡೆ ಕಟ್ಟಿ, ಕೋಕೋ ಪುಡಿಯಲ್ಲಿ ಹೊರಳಿಸಿದರೆ ಅಥವಾ ಚಾಕೊಲೇಟಿನಲ್ಲಿ ಅದ್ದಿದರೆ ಅದೇ ಟ್ರಫಲ್. ಒಂದೇ ವಿಷಯದ ಪ್ರಶ್ನೆಗಳಾದ್ದರಿಂದ ಎಲ್ಲವನ್ನೂ ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಕರಗಿಸಿದ ಚಾಕೊಲೇಟಿಗೆ ಎರಡು ಚಮಚ ಸ್ಪಾರ್ಕ್ಲಿಂಗ್ ವೈನ್ ಹಾಕಿದ ಕೂಡಲೇ ಅದು ಗಟ್ಟಿಯಾಗಿ, ತರಿತರಿಯಾಗಿ ಹೋಯಿತು. ಚಾಕೊಲೇಟ್ ಹಳೆಯದಾಗಿತ್ತೇ? – ಓದುಗರೊಬ್ಬರು, ಗಂಗಾವತಿ

ಚಾಕೊಲೇಟಿನಲ್ಲಿ ದೋಷವಿರಲಿಲ್ಲ. ಕರಗಿದ ಚಾಕೊಲೇಟಿನಲ್ಲಿ ನೀರಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಸಕ್ಕರೆ ಮತ್ತು ಕೋಕೋದ ನುಣ್ಣನೆಯ ಕಣಗಳು ಕೋಕೋ ಬೆಣ್ಣೆಯಲ್ಲಿ ತೇಲುತ್ತಿರುತ್ತವೆ. ಅದಕ್ಕೆ ಸ್ವಲ್ಪವೇ ನೀರು ಬಿದ್ದರೆ ಸಕ್ಕರೆಯ ಕಣಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡು ಇಡೀ ಮಿಶ್ರಣ ಬಿಗಿದುಕೊಳ್ಳುತ್ತದೆ. ಸ್ಪಾರ್ಕ್ಲಿಂಗ್ ವೈನಿನಲ್ಲಿ ಮದ್ಯಸಾರದ ಪ್ರಮಾಣ ಸುಮಾರು ಶೇ 12 ಮಾತ್ರ, ಉಳಿದದ್ದರಲ್ಲಿ ಬಹುಪಾಲು ನೀರೇ. ಆದ್ದರಿಂದ ನೀವು ಹಾಕಿದ್ದು, ಚಾಕೊಲೇಟಿನ ದೃಷ್ಟಿಯಿಂದ, ಎರಡು ಚಮಚ ನೀರು.

ವೈನನ್ನು ಎಂದೂ ಬರಿಯ ಚಾಕೊಲೇಟಿಗೆ ಹಾಕಬಾರದು. ಮೊದಲು ಕ್ರೀಮ್ ಸೇರಿಸಿ ಗನಾಶ್ ಮಾಡಿಕೊಂಡು, ಅದು ಹೊಳಪಿನಿಂದ ಕೂಡಿದ ಒಂದೇ ಹದದ ಮಿಶ್ರಣವಾದ ಮೇಲೆ ಸ್ವಲ್ಪ ಸ್ವಲ್ಪವಾಗಿ ಸೇರಿಸಬೇಕು. ಕ್ರೀಮಿನ ಜೊತೆಗೇ ವೈನನ್ನೂ ಕುದಿಸಿಬಿಡೋಣ ಎಂದುಕೊಳ್ಳುವವರೂ ಇದ್ದಾರೆ. ವೈನ್ ಹುಳಿಯಾದ್ದರಿಂದ ಕ್ರೀಮ್ ಒಡೆಯುತ್ತದೆ, ಕಡಿಮೆ ಕೊಬ್ಬಿನ ಕ್ರೀಮಾದರೆ ಇನ್ನೂ ಬೇಗ. ಈಗಾಗಲೇ ಗಟ್ಟಿಯಾದ ಚಾಕೊಲೇಟನ್ನು ಎಸೆಯಬೇಡಿ. ಬಿಸಿ ಹಾಲನ್ನು ಚಮಚ ಚಮಚವಾಗಿ ಹಾಕುತ್ತಾ ಕಲಕಿದರೆ ಅದು ಸಡಿಲಗೊಂಡು ಒಳ್ಳೆಯ ಸಾಸ್ ಆಗುತ್ತದೆ. ಅದರಿಂದ ಉಂಡೆ ಕಟ್ಟಲು ಬಾರದು, ಐಸ್‌ಕ್ರೀಮಿನ ಮೇಲೆ ಹಾಕಿಕೊಳ್ಳಬಹುದು.

ಪ್ರಶ್ನೆ: ವಿದೇಶಿ ಅಳತೆಗಳಲ್ಲಿ ಹೇಳಿದ ಕ್ರೀಮ್ ನಮ್ಮಲ್ಲಿ ಸಿಗುವುದಿಲ್ಲ. ಬಳ್ಳಾರಿಯ ಅಂಗಡಿಗಳಲ್ಲಿ ಸಿಗುವ ಸಾಮಗ್ರಿಗಳಿಂದಲೇ ಮಾಡುವ ಅಳತೆ ಮತ್ತು ಕ್ರಮವನ್ನು ವಿವರವಾಗಿ ಕೊಡುವಿರಾ? – ಓದುಗರೊಬ್ಬರು, ಬಳ್ಳಾರಿ

ನಿಮ್ಮ ಪ್ರಶ್ನೆಯಲ್ಲೇ ಮುಖ್ಯವಾದ ಅಂಶವಿದೆ. ಯುರೋಪಿನ ಪಾಕವಿಧಾನಗಳು ಶೇ 35ರಷ್ಟು ಕೊಬ್ಬಿನ ಕ್ರೀಮನ್ನು ಲೆಕ್ಕಕ್ಕೆ ಇಟ್ಟುಕೊಂಡು ಚಾಕೊಲೇಟಿನ ಅರ್ಧದಷ್ಟು ಕ್ರೀಮ್ ಹಾಕಲು ಹೇಳುತ್ತವೆ. ನಮ್ಮಲ್ಲಿ ಎಲ್ಲ ಕಡೆ ಸಿಗುವ ಅಮುಲ್ ಫ್ರೆಶ್ ಕ್ರೀಮಿನಲ್ಲಿ ಕೊಬ್ಬು ಶೇ 25, ಅಂದರೆ ನೀರು ಹೆಚ್ಚು. ಅದೇ ಅಳತೆಗೆ ಇದನ್ನು ಹಾಕಿ, ಮೇಲೆ ವೈನನ್ನೂ ಸುರಿದರೆ ಉಂಡೆ ನಿಲ್ಲುವುದೇ ಇಲ್ಲ. ಆದ್ದರಿಂದ ಕ್ರೀಮನ್ನು ಕಡಿಮೆ ಮಾಡಿ, ಬೆಣ್ಣೆಯಿಂದ ಕೊಬ್ಬನ್ನು ತುಂಬಿಕೊಡಬೇಕು, ವೈನನ್ನು ಬತ್ತಿಸಬೇಕು. ಕೇಕಿನ ಮೇಲೆ ಹಚ್ಚುವ ಸಿಹಿಯಾದ, ಹಾಲಿನದಲ್ಲದ ವಿಪ್ಪಿಂಗ್ ಕ್ರೀಮನ್ನು ಇದಕ್ಕೆ ಬಳಸಬೇಡಿ. ಅದರ ಸಿಹಿ ವೈನಿನ ಸೂಕ್ಷ್ಮ ಹುಳಿಯನ್ನು ನುಂಗಿಬಿಡುತ್ತದೆ.

ಸುಮಾರು 30 ಉಂಡೆಗಳಿಗೆ 55 ಶೇಕಡಾ ಕೋಕೋ ಇರುವ ಡಾರ್ಕ್ ಚಾಕೊಲೇಟ್ 300 ಗ್ರಾಂ, ಫ್ರೆಶ್ ಕ್ರೀಮ್ 80 ಮಿಲಿ, ಉಪ್ಪಿಲ್ಲದ ಬೆಣ್ಣೆ 25 ಗ್ರಾಂ, ಸ್ಪಾರ್ಕ್ಲಿಂಗ್ ವೈನ್ ಬತ್ತಿಸಲು 200 ಮಿಲಿ ಮತ್ತು ಹಸಿಯಾಗಿ ಸೇರಿಸಲು ಒಂದು ದೊಡ್ಡ ಚಮಚ, ಹೊರಳಿಸಲು ಸಿಹಿಯಿಲ್ಲದ ಕೋಕೋ ಪುಡಿ ಬೇಕು. ಚಾಕೊಲೇಟ್ ಕೊಳ್ಳುವಾಗ ಪ್ಯಾಕೆಟ್ಟಿನ ಹಿಂಬದಿ ಓದಿ. ಅಲ್ಲಿ ಕೋಕೋ ಬಟರ್ ಎಂದಿದ್ದರೆ ಅದು ನಿಜವಾದ ಚಾಕೊಲೇಟ್. ಹೈಡ್ರೋಜನೇಟೆಡ್ ವೆಜಿಟೆಬಲ್ ಫ್ಯಾಟ್ ಎಂದಿದ್ದರೆ ಅದು ಬೇಕರಿಯವರು ಹೇಳುವ ಕಾಂಪೌಂಡ್. ಗನಾಶಿಗೆ ಮೊದಲನೆಯದೇ ಆಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಬಾಯಿಗಿಟ್ಟ ತಕ್ಷಣ ಕರಗುವ ಗುಣ ಕೋಕೋ ಬೆಣ್ಣೆಯದು.

ಮೊದಲು ವೈನನ್ನು ಬತ್ತಿಸಿ. ಹುಳಿ ಪದಾರ್ಥವಾದ್ದರಿಂದ ಅಲ್ಯೂಮಿನಿಯಂ ಮತ್ತು ಕಬ್ಬಿಣದ ಪಾತ್ರೆ ಬೇಡ, ಸ್ಟೀಲಿನ ಎತ್ತರದ ಪಾತ್ರೆ ಇರಲಿ. ಬಿಸಿಯಾಗುತ್ತಿದ್ದಂತೆ ವೈನಿನಲ್ಲಿರುವ ಅನಿಲವೆಲ್ಲ ಒಮ್ಮೆಲೇ ಹೊರಬಂದು ಹಾಲು ಉಕ್ಕುವಂತೆ ನೊರೆ ಮೇಲೇಳುತ್ತದೆ. ಉರಿ ಸಣ್ಣದಿದ್ದರೆ ಕೂಡಲೇ ಇಳಿಯುತ್ತದೆ. ಆ ಬಳಿಕ ಸುಮ್ಮನೆ ಕುದಿಯಲು ಬಿಡಿ. ಮೊದಲ ನಿಮಿಷಗಳಲ್ಲಿ ಮೂಗಿಗೆ ಚುರುಕಾಗಿ ತಾಕುವ ಮದ್ಯದ ವಾಸನೆ ಇರುತ್ತದೆ, ನಂತರ ಅದು ಹಿಂದೆ ಸರಿದು ಬೇಯಿಸಿದ ಸೇಬಿನ ವಾಸನೆ ಬರುತ್ತದೆ. ಸಣ್ಣ ಗುಳ್ಳೆಗಳು ದೊಡ್ಡದಾಗಿ, ನಿಧಾನವಾಗಿ ಒಡೆಯತೊಡಗಿದಾಗ ಇಳಿಸಿ ಅಳೆದು ನೋಡಿ. 200 ಮಿಲಿ ವೈನ್ 25 ಮಿಲಿಗೆ, ಅಂದರೆ ಎರಡು ದೊಡ್ಡ ಚಮಚಕ್ಕಿಂತ ತುಸು ಕಡಿಮೆಗೆ, ಬರಬೇಕು. ನಾಲಿಗೆಗೆ ಹಚ್ಚಿಕೊಂಡರೆ ಅದು ತೀರಾ ಹುಳಿ ಎನಿಸುತ್ತದೆ, ಹಾಗಿರುವುದೇ ಸರಿ. ಸಿಹಿ ಚಾಕೊಲೇಟಿನೊಳಗೆ ಆ ಹುಳಿಯೇ ವೈನಿನ ಗುರುತಾಗಿ ಉಳಿಯುವುದು.

ಚಾಕೊಲೇಟನ್ನು ಸಣ್ಣಗೆ ಹೆಚ್ಚಿ ಬಟ್ಟಲಿಗೆ ಹಾಕಿ, ಅಂಚಿನಲ್ಲಿ ಗುಳ್ಳೆ ಬರುವಷ್ಟು ಬಿಸಿಯಾದ ಕ್ರೀಮನ್ನು ಸುರಿದು ಎರಡು ನಿಮಿಷ ಮುಟ್ಟದೆ ಬಿಡಿ. ಕ್ರೀಮ್ ಕಡಿಮೆ ಇರುವುದರಿಂದ ಚಾಕೊಲೇಟ್ ಪೂರ್ತಿ ಕರಗದಿದ್ದರೆ ಬಟ್ಟಲನ್ನು ಬಿಸಿ ನೀರಿನ ಪಾತ್ರೆಯ ಮೇಲೆ ಸ್ವಲ್ಪ ಹೊತ್ತು ಇಡಬಹುದು. ನಡುವಿನಿಂದ ಆರಂಭಿಸಿ ಹೊರಕ್ಕೆ ನಿಧಾನವಾಗಿ ಕಲಕುತ್ತಾ ಹೋದರೆ ಮಧ್ಯದಲ್ಲಿ ಹೊಳೆಯುವ ವೃತ್ತವೊಂದು ಮೂಡಿ ಅಗಲವಾಗುತ್ತದೆ. ಆಮೇಲೆ ಬತ್ತಿಸಿ ಆರಿಸಿದ ವೈನ್, ನಂತರ ಬೆಣ್ಣೆ, ಕೊನೆಯಲ್ಲಿ ಹಸಿ ವೈನ್ ಸೇರಿಸಿ. ನಡುವೆ ಎಣ್ಣೆ ಬೇರ್ಪಟ್ಟು ಮಿಶ್ರಣ ಒಡೆದಂತೆ ಕಂಡರೆ ಒಂದು ಚಮಚ ಬೆಚ್ಚಗಿನ ಹಾಲು ಹಾಕಿ ರಭಸವಾಗಿ ಕಲಕಿ, ಬಹುಮಟ್ಟಿಗೆ ಕೂಡಿಕೊಳ್ಳುತ್ತದೆ. ಮುಚ್ಚಿ ಫ್ರಿಜ್ಜಿನಲ್ಲಿ ಮೂರರಿಂದ ನಾಲ್ಕು ಗಂಟೆ ಇಟ್ಟು, ಚಮಚದಿಂದ ತೆಗೆದು, ತಣ್ಣೀರಿನಲ್ಲಿ ಅದ್ದಿ ಚೆನ್ನಾಗಿ ಒರೆಸಿದ ಅಂಗೈಗಳಲ್ಲಿ ಬೇಗ ಉಂಡೆ ಮಾಡಿ ಕೋಕೋ ಪುಡಿಯಲ್ಲಿ ಹೊರಳಿಸಿ.

ಪ್ರಶ್ನೆ: ಟ್ರಫಲ್ ಕಚ್ಚಿದಾಗ ವೈನಿನ ಗುಳ್ಳೆಗಳು ನಾಲಿಗೆಗೆ ತಾಕುವಂತೆ ಮಾಡಲು ಸಾಧ್ಯವೇ? ಅದಕ್ಕಾಗಿ ಅಸಲಿ ಶಾಂಪೇನನ್ನೇ ತರಿಸಬೇಕೇ? – ಓದುಗರೊಬ್ಬರು, ರಾಯಚೂರು

ಗುಳ್ಳೆಗಳು ಉಳಿಯುವುದಿಲ್ಲ. ಎಷ್ಟು ಬೆಲೆಯ ಬಾಟಲಿಯಾದರೂ ಬಿಸಿ ಗನಾಶಿನಲ್ಲಿ ಕಲಕಿದ ಮೇಲೆ ಅದರ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಆದ್ದರಿಂದಲೇ ಫ್ರಾನ್ಸಿನ ಶಾಂಪೇನ್ ಪ್ರದೇಶದಿಂದ ಬರುವ ದುಬಾರಿ ಬಾಟಲಿಯನ್ನು ಬತ್ತಿಸಿ ಹಾಳು ಮಾಡುವುದು ನನಗೆ ಸರಿ ಕಾಣುವುದಿಲ್ಲ. ನಾಸಿಕ್ ಸೀಮೆಯಲ್ಲಿ ತಯಾರಾಗುವ ಸುಲಾದಂತಹ ಸ್ಪಾರ್ಕ್ಲಿಂಗ್ ವೈನ್ ಧಾರಾಳವಾಗಿ ಸಾಕು. ಲೇಬಲ್ಲಿನ ಮೇಲೆ ಬ್ರೂಟ್ ಎಂದಿರುವುದನ್ನು ಆರಿಸಿ. ಅದರಲ್ಲಿ ಸಕ್ಕರೆ ಲೀಟರಿಗೆ 12 ಗ್ರಾಂ ಮೀರದು. ಡೆಮಿ ಸೆಕ್ ಎಂದಿರುವುದರಲ್ಲಿ ಲೀಟರಿಗೆ 32ರಿಂದ 50 ಗ್ರಾಂ ಸಕ್ಕರೆಯಿದ್ದು, ಬತ್ತಿಸಿದರೆ ಪಾಕದಂತೆ ಆಗುತ್ತದೆ. ಔತಣದ ಮರುದಿನ ಫ್ರಿಜ್ಜಿನಲ್ಲಿ ಗುಳ್ಳೆ ಸತ್ತು ಉಳಿದ ವೈನ್ ಕೂಡ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ.

ಯುರೋಪಿನ ಚಾಕೊಲೇಟ್ ತಯಾರಕರಲ್ಲಿ ಹಲವರು ಶಾಂಪೇನ್ ಟ್ರಫಲ್ಲಿಗೆ ವೈನಿಗಿಂತ ಮಾರ್ಕ್ ಡಿ ಶಾಂಪೇನ್ ಎಂಬ ಬ್ರಾಂದಿಯನ್ನು ನೆಚ್ಚಿಕೊಂಡಿರುತ್ತಾರೆ. ಅದು ದ್ರಾಕ್ಷಿ ಹಿಂಡಿದ ಮೇಲೆ ಉಳಿಯುವ ಸಿಪ್ಪೆ ಮತ್ತು ಬೀಜಗಳನ್ನು ಹುದುಗಿಸಿ ಭಟ್ಟಿ ಇಳಿಸಿದ್ದು. ಮದ್ಯಸಾರ ಶೇ 40ರ ಆಸುಪಾಸು ಇರುವುದರಿಂದ ಸ್ವಲ್ಪವೇ ಹಾಕಿದರೂ ಪರಿಮಳ ಎದ್ದು ಕಾಣುತ್ತದೆ, ನೀರೂ ಹೆಚ್ಚುವುದಿಲ್ಲ. ನೀವು ಹಸಿ ವೈನಿನ ಬದಲು ಒಂದು ಸಣ್ಣ ಚಮಚ ಒಳ್ಳೆಯ ದ್ರಾಕ್ಷಿ ಬ್ರಾಂದಿ ಹಾಕಿ ನೋಡಿ.

ಜುಮ್ಮೆನ್ನುವ ಅನುಭವವೇ ಬೇಕೆಂದರೆ ಪಾಪಿಂಗ್ ಕ್ಯಾಂಡಿಯನ್ನು ಬಳಸಬಹುದು. ಅದರ ಸಕ್ಕರೆಯೊಳಗೆ ಅನಿಲವನ್ನು ಒತ್ತಡದಲ್ಲಿ ಬಂಧಿಸಿರುತ್ತಾರೆ. ಗನಾಶಿನ ತೇವ ತಾಕಿದರೆ ಅದು ಅಲ್ಲೇ ಸಿಡಿದು ಮುಗಿಯುವುದರಿಂದ ಒಳಗೆ ಬೆರೆಸದೆ, ಹೊರಗಿನ ಚಾಕೊಲೇಟ್ ಹೊದಿಕೆಯಲ್ಲಿ ಸೇರಿಸಬೇಕು.

ಬಾಟಲಿಯ ಬಗ್ಗೆ ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಸ್ಪಾರ್ಕ್ಲಿಂಗ್ ವೈನಿನ ಬಾಟಲಿಯೊಳಗೆ ವಾತಾವರಣದ ಐದಾರು ಪಟ್ಟು ಒತ್ತಡವಿರಬಹುದು, ಬಿಸಿಯಾದಷ್ಟೂ ಅದು ಏರುತ್ತದೆ. ರಾಯಚೂರಿನ ಬಿಸಿಲಿನಲ್ಲಿ ಕಾರಿನೊಳಗೆ ಬಿಟ್ಟ ಬಾಟಲಿಯನ್ನು ತಂದ ಕೂಡಲೇ ತೆರೆಯುವುದು ಅಪಾಯ. ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು, ಬಾಯನ್ನು ಯಾರ ಮುಖದ ಕಡೆಗೂ ತಿರುಗಿಸದೆ, ಬೆಂಡನ್ನು ಬಿಗಿಯಾಗಿ ಹಿಡಿದು ಬಾಟಲಿಯನ್ನು ತಿರುಗಿಸುತ್ತಾ ತೆರೆಯಿರಿ.

ಪ್ರಶ್ನೆ: ಉಂಡೆಗಳನ್ನು ಚಾಕೊಲೇಟಿನಲ್ಲಿ ಅದ್ದಿದರೆ ಹೊದಿಕೆ ಎಷ್ಟು ಹೊತ್ತಾದರೂ ಗಟ್ಟಿಯಾಗುವುದಿಲ್ಲ, ಫ್ರಿಜ್ಜಿನಲ್ಲಿಟ್ಟರೆ ಬಿಳಿ ಮಚ್ಚೆ ಮೂಡುತ್ತದೆ. ಏನು ಮಾಡಲಿ? – ಓದುಗರೊಬ್ಬರು, ಸಿಂಧನೂರು

ಕೋಕೋ ಬೆಣ್ಣೆಯ ಹರಳುಗಳಲ್ಲಿ ಹಲವು ಬಗೆಗಳಿದ್ದು, ಹೊಳಪನ್ನೂ ಮುರಿದಾಗ ಟಕ್ಕೆನ್ನುವ ಗುಣವನ್ನೂ ಕೊಡುವ ಬಗೆ ಸುಮಾರು 34 ಡಿಗ್ರಿಗೆ ಕರಗುತ್ತದೆ. ಟೆಂಪರಿಂಗ್ ಎಂದರೆ ಆ ಬಗೆಯ ಹರಳುಗಳೇ ಮೇಲುಗೈ ಪಡೆಯುವಂತೆ ಚಾಕೊಲೇಟನ್ನು ಹದಕ್ಕೆ ತರುವುದು. ಡಾರ್ಕ್ ಚಾಕೊಲೇಟಿನ ಮೂರರಲ್ಲಿ ಎರಡು ಪಾಲನ್ನು 45 ಡಿಗ್ರಿಯವರೆಗೆ ಕರಗಿಸಿ, ಉಳಿದ ಒಂದು ಪಾಲನ್ನು ಹೆಚ್ಚಿ ಸೇರಿಸುತ್ತಾ 31–32 ಡಿಗ್ರಿಗೆ ಇಳಿಸುವುದು ಮನೆಗೆ ಹೊಂದುವ ಕ್ರಮ. ಮಿಲ್ಕ್ ಚಾಕೊಲೇಟಿಗೆ 29–30 ಡಿಗ್ರಿ. ಅಡುಗೆಗೆ ಬಳಸುವ ಥರ್ಮಾಮೀಟರ್ ಇಲ್ಲದೆ ಇದಕ್ಕೆ ಕೈಹಾಕದಿರುವುದೇ ಒಳ್ಳೆಯದು.

ಈಗ ನಮ್ಮ ಊರುಗಳ ಸಂಗತಿಗೆ ಬರೋಣ. ಏಪ್ರಿಲ್, ಮೇ ತಿಂಗಳಲ್ಲಿ ಸಿಂಧನೂರು, ಸಿರುಗುಪ್ಪ, ಬಳ್ಳಾರಿಗಳಲ್ಲಿ ಹೊರಗೆ 40 ಡಿಗ್ರಿ ದಾಟಿ, ಆರ್‌ಸಿಸಿ ಛಾವಣಿಯ ಅಡುಗೆಮನೆ ರಾತ್ರಿಯೂ ಕಾದಿರುತ್ತದೆ. ಅಂಥ ಕೋಣೆಯಲ್ಲಿ ಚಾಕೊಲೇಟ್ ಗಟ್ಟಿಯಾಗದಿದ್ದರೆ ಅದು ನಿಮ್ಮ ಕೈಯ ತಪ್ಪಲ್ಲ. ಆ ಉಷ್ಣತೆಯಲ್ಲಿ ಹರಳು ನಿಲ್ಲಲು ಸಾಧ್ಯವೇ ಇಲ್ಲ. ಅದ್ದುವ ಕೆಲಸಕ್ಕೆ ಕೋಣೆ 20–22 ಡಿಗ್ರಿ ಇರಬೇಕು. ಡಿಸೆಂಬರ್ ಮತ್ತು ಜನವರಿಯಲ್ಲಿ ಬೆಳಗಿನ ಜಾವ ಎದ್ದು, ಒಲೆ ಹಚ್ಚುವ ಮೊದಲೇ, ಅಡುಗೆಕಟ್ಟೆಯ ಕಡಪ ಕಲ್ಲು ಕೈಗೆ ತಣ್ಣಗೆ ತಾಕುವ ಹೊತ್ತಿನಲ್ಲಿ ಈ ಕೆಲಸ ಮುಗಿಸಿ. ಬೇಸಿಗೆಯಲ್ಲಾದರೆ ಎಸಿ ಇರುವ ಕೋಣೆಗೆ ಸಾಮಗ್ರಿಗಳನ್ನೆಲ್ಲ ಒಯ್ಯಬೇಕು. ಎಸಿ ಇಲ್ಲವೆಂದರೆ ಅದ್ದುವ ಆಸೆಯನ್ನು ಬಿಟ್ಟು ಕೋಕೋ ಪುಡಿಯಲ್ಲಿ ಹೊರಳಿಸಿ, ಫ್ರಿಜ್ಜಿನಿಂದ ನೇರವಾಗಿ ಬಡಿಸಿ. ರುಚಿಯಲ್ಲಿ ಅದು ಯಾವ ರೀತಿಯಲ್ಲೂ ಕಡಿಮೆಯಲ್ಲ.

ಬಿಳಿ ಮಚ್ಚೆಗೆ ಎರಡು ಕಾರಣಗಳಿವೆ. ಟೆಂಪರಿಂಗ್ ತಪ್ಪಿದರೆ ಕೊಬ್ಬು ಮೇಲಕ್ಕೆ ಬಂದು ಬೂದು ಪದರವಾಗುತ್ತದೆ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಚಾಕೊಲೇಟಿನ ಮೇಲೆ ಗಾಳಿಯ ತೇವ ಹನಿಯಾಗಿ ಕುಳಿತರೆ ಸಕ್ಕರೆ ಕರಗಿ, ಒಣಗಿದ ಮೇಲೆ ಒರಟಾದ ಮಚ್ಚೆಯಾಗುತ್ತದೆ. ಎರಡೂ ತಿನ್ನಲು ಸುರಕ್ಷಿತ. ಗಾಳಿಯಾಡದ ಡಬ್ಬಿಯಲ್ಲಿಟ್ಟು, ಹೊರತೆಗೆದ ಮೇಲೆ ಡಬ್ಬಿಯ ಮುಚ್ಚಳ ತೆಗೆಯದೆ ಸ್ವಲ್ಪ ಹೊತ್ತು ಬಿಟ್ಟರೆ ಎರಡನೆಯದನ್ನು ತಪ್ಪಿಸಬಹುದು. ಕಾಂಪೌಂಡ್ ಚಾಕೊಲೇಟಿಗೆ ಟೆಂಪರಿಂಗ್ ಬೇಕಿಲ್ಲವೆಂಬುದು ನಿಜ, ಆದರೆ ಅದನ್ನು ನಿಜವಾದ ಚಾಕೊಲೇಟಿನ ಜೊತೆ ಅರ್ಧಂಬರ್ಧ ಬೆರೆಸಿ ಕರಗಿಸಬೇಡಿ. ಎರಡೂ ಕೊಬ್ಬುಗಳು ಹೊಂದಿಕೊಳ್ಳದೆ ಹೊದಿಕೆ ಮೆತ್ತಗಾಗುತ್ತದೆ.

ಪ್ರಶ್ನೆ: ವೈನನ್ನು ಕುದಿಸಿದರೆ ಮದ್ಯದ ಅಂಶ ಹೋಗುತ್ತದೆಯಲ್ಲವೇ? ಮಕ್ಕಳಿಗೆ, ಹಿರಿಯರಿಗೆ ಕೊಡಬಹುದೇ? – ಓದುಗರೊಬ್ಬರು, ಕೊಪ್ಪಳ

ಪೂರ್ತಿ ಹೋಗುವುದಿಲ್ಲ. ಮದ್ಯಸಾರ 78 ಡಿಗ್ರಿಯಲ್ಲೇ ಕುದಿಯುತ್ತದಾದರೂ ನೀರಿನೊಂದಿಗೆ ಬೆರೆತಿರುವುದರಿಂದ ಒಂದಿಷ್ಟು ಉಳಿದೇ ಉಳಿಯುತ್ತದೆ. ಮೇಲಾಗಿ ಈ ಅಳತೆಯಲ್ಲಿ ಒಂದು ದೊಡ್ಡ ಚಮಚ ಹಸಿ ವೈನ್ ಸೇರಿಸಿರುತ್ತೇವೆ. ಅದರಲ್ಲಿ ಸುಮಾರು 1.8 ಮಿಲಿ ಮದ್ಯಸಾರವಿದ್ದು ಅದು 30 ಉಂಡೆಗಳಿಗೆ ಹಂಚಿಹೋಗುತ್ತದೆ. ಪ್ರಮಾಣ ಅತ್ಯಲ್ಪ, ಆದರೆ ಇಲ್ಲವೆಂದು ಹೇಳಲಾಗದು. ಮಕ್ಕಳಿಗೆ, ಗರ್ಭಿಣಿಯರಿಗೆ, ಧರ್ಮ ಅಥವಾ ವ್ರತದ ಕಾರಣದಿಂದ ಮುಟ್ಟದವರಿಗೆ ಕೊಡಬೇಡಿ. ಕುಡಿತ ಬಿಡಲು ಡೈಸಲ್ಫಿರಾಮ್ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಮದ್ಯಸಾರದ ಸ್ವಲ್ಪ ಅಂಶವೂ ತೀವ್ರ ತೊಂದರೆ ಕೊಡಬಲ್ಲದು. ಯಾರಿಗೆ ಕೊಟ್ಟರೂ ತಟ್ಟೆ ಮುಂದಿಡುವ ಮೊದಲೇ ಇದರಲ್ಲಿ ವೈನ್ ಇದೆಯೆಂದು ಬಾಯಿಬಿಟ್ಟು ಹೇಳುವುದು ಮಾಡಿದವರ ಹೊಣೆ.

ಇವರಿಗಾಗಿ ಬೇರೆಯದೇ ಒಂದು ಬಗೆ ಮಾಡಿ. ನಿಮ್ಮ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆ ದಾಳಿಂಬೆ ಚೆನ್ನಾಗಿ ಬೆಳೆಯುತ್ತಾರೆ. ಸೋಸಿದ 200 ಮಿಲಿ ದಾಳಿಂಬೆ ರಸವನ್ನು ಸಣ್ಣ ಉರಿಯಲ್ಲಿ 40 ಮಿಲಿಗೆ ಬತ್ತಿಸಿ, ಆರಿದ ಮೇಲೆ ಅರ್ಧ ಚಮಚ ನಿಂಬೆರಸ ಹಿಂಡಿ, ವೈನಿನ ಜಾಗದಲ್ಲಿ ಬಳಸಿ. ಅದರ ಒಗರು ಡಾರ್ಕ್ ಚಾಕೊಲೇಟಿಗೆ ಎಷ್ಟು ಒಪ್ಪುತ್ತದೆಂದರೆ, ವೈನಿನದಕ್ಕಿಂತ ಇದೇ ಮೇಲೆಂದು ಹಲವರು ಹೇಳಿಯಾರು. ಎರಡನ್ನೂ ಒಂದೇ ದಿನ ಮಾಡುವುದಾದರೆ ಗುರುತಿಗೆ ಒಂದನ್ನು ಕೋಕೋ ಪುಡಿಯಲ್ಲಿ, ಇನ್ನೊಂದನ್ನು ಒಣಕೊಬ್ಬರಿ ತುರಿಯಲ್ಲಿ ಹೊರಳಿಸಿ, ಡಬ್ಬಿಗಳನ್ನೂ ಬೇರೆ ಇಡಿ.

ಪ್ರಶ್ನೆ: ಎಷ್ಟು ದಿನ ಇಡಬಹುದು? ಬೆಂಗಳೂರಿನಲ್ಲಿರುವ ಮಗಳಿಗೆ ಕಳುಹಿಸಬಹುದೇ? – ಓದುಗರೊಬ್ಬರು, ಬಳ್ಳಾರಿ

ಕ್ರೀಮ್ ಇರುವ ಪದಾರ್ಥವಾದ್ದರಿಂದ ಫ್ರಿಜ್ಜಿನಲ್ಲಿ ಒಂದು ವಾರದೊಳಗೆ ಮುಗಿಸುವುದು ಕ್ಷೇಮ. ಇಷ್ಟು ಕಡಿಮೆ ವೈನ್ ಸಂರಕ್ಷಕದ ಕೆಲಸ ಮಾಡುವುದಿಲ್ಲ. ಕರೆಂಟು ದೀರ್ಘಕಾಲ ಹೋಗಿ ಉಂಡೆಗಳು ಮೆತ್ತಗಾಗಿ ಬೆಚ್ಚಗಿದ್ದರೆ ಮತ್ತೆ ತಣಿಸಿ ಬಡಿಸಬೇಡಿ. ಕಳುಹಿಸುವುದಾದರೆ ಚಳಿಗಾಲದಲ್ಲಿ ಮಾತ್ರ, ರಾತ್ರಿಯ ರೈಲು ಅಥವಾ ಬಸ್ಸಿನಲ್ಲಿ ಹೋಗುವ ಮನೆಯವರ ಕೈಯಲ್ಲಿ ಕಳುಹಿಸಿ. ಹಿಂದಿನ ದಿನವೇ ಚೆನ್ನಾಗಿ ತಣಿಸಿದ ಉಂಡೆಗಳನ್ನು ಸ್ಟೀಲ್ ಡಬ್ಬಿಗೆ ತುಂಬಿ, ಡಬ್ಬಿಗೆ ಪ್ಲಾಸ್ಟಿಕ್ ಸುತ್ತಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸ್ ಪ್ಯಾಕುಗಳ ನಡುವೆ ಇಡಿ. ಮಗಳು ಅದನ್ನು ಪಡೆದ ಕೂಡಲೇ ಡಬ್ಬಿ ತೆರೆಯದೆ ಫ್ರಿಜ್ಜಿಗೆ ಸೇರಿಸಲಿ, ತಿನ್ನುವ ಹತ್ತು ನಿಮಿಷ ಮೊದಲು ಹೊರತೆಗೆಯಲಿ.